18,000 ರೂಪಾಯಿಯ ಗೆರೆ, ಸೂಪರ್‌ವೈಸರ್‌ಗೆ ಸಿಗದ ಓಟಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಮತ್ತು ಉದ್ಯೋಗ ಸಚಿವರು, ಭಾರತ ಸರ್ಕಾರ, ಶ್ರಮಶಕ್ತಿ ಭವನ, ನವದೆಹಲಿ
ಮಾನ್ಯ ಕಾರ್ಮಿಕ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಮೇಲ್ವಿಚಾರಕ (ಸೂಪರ್‌ವೈಸರ್) ಹುದ್ದೆಯವರ ಓಟಿ (ನಿಗದಿತ ಗಂಟೆ ಮೀರಿದ ದುಡಿಮೆಯ ಕೂಲಿ) ಹಕ್ಕಿಗೆ ಹಾಕಿರುವ 18,000 ರೂಪಾಯಿ ವೇತನ ಮಿತಿಯನ್ನು ಏರಿಸುವ ಕುರಿತು.

ಮಾನ್ಯರೇ,

2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಗ್ರಾಚ್ಯುಟಿ ಎಷ್ಟು ಹೆಚ್ಚಾಗುತ್ತದೆ, ಪಿಎಫ್ ಎಷ್ಟು ಕಡಿತವಾಗುತ್ತದೆ, ಕೈಗೆ ಬರುವ ಸಂಬಳ ಎಷ್ಟು ಇಳಿಯುತ್ತದೆ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಆ ಗದ್ದಲದಲ್ಲಿ ಒಂದು ಅಂಕಿಯನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020ರಲ್ಲಿ 'ಕಾರ್ಮಿಕ' ಯಾರು ಎಂದು ಹೇಳುವ ಕಲಂನಲ್ಲಿ ಅದು ಕೂತಿದೆ. ಮೇಲ್ವಿಚಾರಕ ಹುದ್ದೆಯಲ್ಲಿದ್ದು ತಿಂಗಳ ವೇತನ 18,000 ರೂಪಾಯಿ ದಾಟಿದವರು ಆ ಸಂಹಿತೆಯ ಪ್ರಕಾರ ಕಾರ್ಮಿಕರೇ ಅಲ್ಲ. ಅದರಡಿ ದುಪ್ಪಟ್ಟು ಓಟಿ ಸಿಗುವುದು ಕಾರ್ಮಿಕರಿಗೆ ಮಾತ್ರ. ಹಾಗಾಗಿ ಈ 18,000ದ ಗೆರೆಯೇ ಓಟಿಯ ಗೆರೆ.

ಕಾರ್ಖಾನೆಗಳಲ್ಲಿ ಹಾಜರಿ ಮತ್ತು ಸಂಬಳದ ಲೆಕ್ಕ ನೋಡುವವರು, ಲೈನು ನಡೆಸುವವರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ಸಂಹಿತೆಗಳೇ ಬೇಡ ಎನ್ನುವುದು ಈ ಪತ್ರದ ವಾದವಲ್ಲ. ಗೆರೆ ಎಳೆದ ಜಾಗ ತಪ್ಪು, ಅದನ್ನು ಸರಿಪಡಿಸುವ ಅಧಿಕಾರ ತಮ್ಮ ಕೈಯಲ್ಲೇ ಇದೆ ಎನ್ನುವುದಷ್ಟೇ ನಮ್ಮ ಮಾತು.

ಮೊದಲು ಹಿಂದೆ ಏನಿತ್ತು ಎಂದು ನೋಡೋಣ. 1948ರ ಕಾರ್ಖಾನೆ ಕಾಯ್ದೆಯ ಕಲಂ 59ರಂತೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕಿತ್ತು. ಮೇಲ್ವಿಚಾರಣೆ, ಆಡಳಿತ, ಗೋಪ್ಯ ಹುದ್ದೆಗಳಲ್ಲಿ ಇರುವವರನ್ನು ಕೆಲಸದ ಗಂಟೆಗಳ ಕಟ್ಟಳೆಯಿಂದ ಹೊರಗಿಡುವ ಅಧಿಕಾರವನ್ನು ಕಲಂ 64 ರಾಜ್ಯಗಳಿಗೆ ಕೊಟ್ಟಿತ್ತು. ಆದರೆ ಅದಕ್ಕೆ ಒಂದು ಪರಂತುಕವೂ ಇತ್ತು: ಹಾಗೆ ಹೊರಗಿಟ್ಟವರ ವೇತನ, ವೇತನ ಪಾವತಿ ಕಾಯ್ದೆಯ ಮಿತಿಯನ್ನು ದಾಟದಿದ್ದರೆ ಅವರಿಗೂ ಓಟಿ ಕೊಡಲೇಬೇಕು. ಆ ಮಿತಿ 2005ರಲ್ಲಿ 6,500, 2007ರಲ್ಲಿ 10,000, 2012ರಲ್ಲಿ 18,000, 2017ರ ಆಗಸ್ಟ್‌ನಲ್ಲಿ 24,000 ಆಯಿತು. ಎಂದರೆ ಸಂಹಿತೆ ಬರುವ ಹಿಂದಿನ ದಿನದವರೆಗೂ 24,000 ರೂಪಾಯಿ ವೇತನದ ಸೂಪರ್‌ವೈಸರ್ ಕಾರ್ಖಾನೆ ಕಾಯ್ದೆಯಡಿ ಓಟಿ ಕೇಳಬಹುದಿತ್ತು. ಹೊಸ ಸಂಹಿತೆಯ 18,000 ನಮ್ಮನ್ನು 2012ಕ್ಕೆ ವಾಪಸು ಕರೆದೊಯ್ದಿದೆ. ಹದಿಮೂರು ವರ್ಷದ ಬೆಲೆ ಏರಿಕೆಯನ್ನು ಒಂದೇ ಕಲಂ ಅಳಿಸಿಹಾಕಿತು.

ಕೈಗಾರಿಕಾ ವಿವಾದ ಕಾಯ್ದೆಯ ಮಿತಿ 10,000 ಇತ್ತು, ಅದನ್ನು 18,000ಕ್ಕೆ ಏರಿಸಿದ್ದೇವಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಅದು ನಿಜ. ಆದರೆ ಆ ಮಿತಿ ವಜಾ, ವಿವಾದ, ಸಂಧಾನಕ್ಕೆ ಸಂಬಂಧಪಟ್ಟದ್ದು. 1956ರಲ್ಲಿ 500 ರೂಪಾಯಿ ಇದ್ದದ್ದು 1984ರಲ್ಲಿ 1,600 ಆಗಿ, 2010ರಲ್ಲಿ 10,000 ಆದ ಮಿತಿ ಅದು. ಓಟಿಗೆ ಬೇರೆ ಅಳತೆಗೋಲು ಇತ್ತು. ಎರಡನ್ನೂ ಒಂದೇ ಅಚ್ಚಿಗೆ ಸುರಿಯುವಾಗ ಮೇಲಿನದನ್ನು ಬಿಟ್ಟು ಎರಡರ ನಡುವೆ ಎಲ್ಲೋ ನಿಲ್ಲಿಸಿದ್ದಾರೆ.

ಇನ್ನು ಈ 18,000 ಇವತ್ತಿನ ಮಾರುಕಟ್ಟೆಯಲ್ಲಿ ಎಲ್ಲಿ ನಿಲ್ಲುತ್ತದೆ? ತಮ್ಮದೇ ಸಚಿವಾಲಯದ ಕೇಂದ್ರ ವಲಯದ (ರೈಲ್ವೆ, ಗಣಿಯಂಥ ಕೇಂದ್ರದ ವ್ಯಾಪ್ತಿಯ ಕೆಲಸಗಳ) ಕನಿಷ್ಠ ವೇತನವನ್ನು ತೆಗೆದುಕೊಳ್ಳಿ. 2024ರ ಅಕ್ಟೋಬರ್ 1ರಿಂದ 'ಎ' ಪ್ರದೇಶದಲ್ಲಿ ಕಟ್ಟಡ ನಿರ್ಮಾಣ, ಗುಡಿಸುವುದು, ಲೋಡಿಂಗ್ ಅನ್‌ಲೋಡಿಂಗ್ ಮಾಡುವ ಕುಶಲರಹಿತ ಕಾರ್ಮಿಕರಿಗೆ ದಿನಕ್ಕೆ 783 ರೂಪಾಯಿ, ತಿಂಗಳಿಗೆ 20,358. ಅರೆಕುಶಲರಿಗೆ 22,568, ಕುಶಲರಿಗೆ 24,804, ಅತಿಕುಶಲರಿಗೆ 26,910. ಬೆಂಗಳೂರು 'ಎ' ಪ್ರದೇಶದಲ್ಲೇ ಇದೆ. ದೆಹಲಿ ಸರ್ಕಾರದ ದರ ನೋಡಿದರೂ ಅಷ್ಟೇ: ಅದೇ ದಿನಾಂಕದಿಂದ ಕುಶಲರಹಿತರಿಗೆ 18,066. ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕುಶಲರಹಿತರಿಗೆ ಮೊದಲ ವಲಯದಲ್ಲಿ 23,376, ಎಲ್ಲಕ್ಕಿಂತ ಕೆಳಗಿನ ಮೂರನೇ ವಲಯದಲ್ಲಿ 19,319 ರೂಪಾಯಿ ಸೂಚಿಸಿತ್ತು.

ಲೋಡ್ ಇಳಿಸುವವರಿಗೆ ಕಾನೂನು ಕೊಡಿಸುವ ಕನಿಷ್ಠ ಕೂಲಿಯೇ 18,000 ದಾಟಿರುವಾಗ, ಆ ಲೋಡನ್ನು ಎಣಿಸಿ ಸಹಿ ಹಾಕುವವರ ವೇತನ ಅದಕ್ಕಿಂತ ಕಡಿಮೆ ಇರಲು ಹೇಗೆ ಸಾಧ್ಯ? ಇದ್ದರೆ ಆ ಮಾಲೀಕರು ಕನಿಷ್ಠ ವೇತನವನ್ನೇ ಮುರಿಯುತ್ತಿದ್ದಾರೆ ಎಂದರ್ಥ. ಕೇಂದ್ರ ವಲಯದ 'ಎ' ಪ್ರದೇಶದಲ್ಲಿ ಈ ಮಿತಿ ಯಾರನ್ನೂ ಕಾಯುತ್ತಿಲ್ಲ. ಅಲ್ಲಿ ಓಟಿಯನ್ನು ಉಳಿಸುವುದೂ ಕಳೆಯುವುದೂ ಹುದ್ದೆಯ ಹೆಸರು ಮಾತ್ರ.

ಆ ಹೆಸರು ಹೇಗೆ ಬದಲಾಗುತ್ತದೆ ಎಂಬುದು ಸಂಬಳ ವಿಭಾಗದಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಪೇರೋಲ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ನೌಕರರ ಮಾಸ್ಟರ್ ಪುಟದಲ್ಲಿ 'ಓಟಿ ಅರ್ಹತೆ' ಎಂಬ ಒಂದು ಕಾಲಂ ಇರುತ್ತದೆ: ಹೌದು ಅಥವಾ ಇಲ್ಲ. ಗ್ರೇಡ್ ಬದಲಾದ ತಕ್ಷಣ ಅದು ತಾನಾಗಿಯೇ 'ಇಲ್ಲ' ಆಗುವಂತೆ ಮೊದಲೇ ಹೊಂದಿಸಿರುತ್ತಾರೆ. ಪಂಚಿಂಗ್ ಮೆಷಿನ್ ಒಳಬಂದ ಹೊತ್ತು, ಹೊರಹೋದ ಹೊತ್ತನ್ನು ಮೊದಲಿನಂತೆಯೇ ದಾಖಲಿಸುತ್ತದೆ. ಹೆಚ್ಚುವರಿ ಗಂಟೆಗಳೂ ವರದಿಯಲ್ಲಿ ಬರುತ್ತವೆ. ತಿಂಗಳ ಕೊನೆಗೆ ಸಂಬಳಕ್ಕೆ ಹಾಕುವಾಗ ಮಾತ್ರ ಆ ಕಾಲಂ ನೋಡಿ ಸೊನ್ನೆ ಮಾಡುತ್ತದೆ. ಕೆಲಸ ಬದಲಾಯಿತೇ ಎಂದು ಯಾರೂ ಕೇಳುವುದಿಲ್ಲ. ಬದಲಾದದ್ದು ಐಡಿ ಕಾರ್ಡಿನ ಪಟ್ಟಿಯ ಬಣ್ಣ.

ಗಾರ್ಮೆಂಟ್ ಕಾರ್ಖಾನೆಯ ಒಬ್ಬ ಲೈನ್ ಸೂಪರ್‌ವೈಸರ್ ದಿನವಿಡೀ ಏನು ಮಾಡುತ್ತಾರೆ ಎಂದು ಹತ್ತಿರದಿಂದ ನೋಡಿ. ಶಿಫ್ಟ್ ಗಂಟೆ ಬಾರಿಸುವ ಮುಂಚೆ ಬಂದು ಯಾವ ಆಪರೇಟರ್ ಬಂದಿಲ್ಲ ಎಂದು ನೋಡಿ ಲೈನು ಸರಿಹೊಂದಿಸಬೇಕು. ಕಟಿಂಗ್‌ನಿಂದ ಬಂದ ಬಂಡಲ್ ಎಣಿಸಿ ಹಂಚಬೇಕು. ಗಂಟೆಗೊಮ್ಮೆ ಬೋರ್ಡಿನ ಮೇಲೆ ಟಾರ್ಗೆಟ್ ಎಷ್ಟು, ಆದದ್ದೆಷ್ಟು ಎಂದು ಬರೆಯಬೇಕು. ಸೂಜಿ ಮುರಿದರೆ ತುಂಡುಗಳನ್ನೆಲ್ಲ ಹುಡುಕಿ, ರಿಜಿಸ್ಟರ್‌ನಲ್ಲಿ ಟೇಪ್ ಹಚ್ಚಿ ಅಂಟಿಸಿ, ಆಮೇಲೇ ಹೊಸ ಸೂಜಿ ಕೊಡಬೇಕು. ಒಂದು ತುಂಡು ಸಿಗದಿದ್ದರೂ ಆ ಬಂಡಲ್ ಪಕ್ಕಕ್ಕಿಟ್ಟು ಮೆಟಲ್ ಡಿಟೆಕ್ಟರ್‌ಗೆ ಕಳಿಸಬೇಕು. ಯಾರಾದರೂ ರಜೆ ಹಾಕಿದರೆ ತಾವೇ ಆ ಮೆಷಿನ್‌ಗೆ ಕೂತು ಹೊಲಿಯಬೇಕು. ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳುವ, ತೆಗೆಯುವ, ಸಂಬಳ ಹೆಚ್ಚಿಸುವ ಅಧಿಕಾರ ಇವರಿಗೆ ಇಲ್ಲ. ರಜೆ ಚೀಟಿಗೆ 'ಶಿಫಾರಸು' ಎಂದು ಬರೆಯಬಹುದು, ಮಂಜೂರು ಮಾಡುವವರು ಬೇರೆ.

ಸಂಜೆ ಆಪರೇಟರ್‌ಗಳು ಕಾರ್ಡ್ ಪಂಚ್ ಮಾಡಿ ಹೊರಟ ಮೇಲೆ ಇವರ ಎರಡನೇ ಪಾಳಿ ಶುರುವಾಗುತ್ತದೆ. ಉಳಿದ ಬಂಡಲ್ ಎಣಿಕೆ, ರಿಪೇರಿ ಪೀಸುಗಳ ಲೆಕ್ಕ, ನಾಳೆಯ ಲೇಔಟ್, ಪ್ರೊಡಕ್ಷನ್ ಮೀಟಿಂಗ್. ಮೆಷಿನ್ ಷಾಪ್‌ಗಳಲ್ಲೂ ಹೆಚ್ಚುಕಡಿಮೆ ಇದೇ ಕತೆ: ಶಿಫ್ಟ್ ಹ್ಯಾಂಡ್‌ಓವರ್, ಮೊದಲ ಪೀಸಿನ ತಪಾಸಣೆ, ಟೂಲ್ ಆಫ್‌ಸೆಟ್ ತಿದ್ದುವುದು, ರಿಲೀವರ್ (ಮುಂದಿನ ಪಾಳಿಗೆ ಬದಲಿಗೆ ಬರುವವರು) ಬಾರದಿದ್ದರೆ ಇನ್ನೊಂದು ಶಿಫ್ಟ್ ಪೂರ್ತಿ ನಿಲ್ಲುವುದು.

ಇದರ ಬೆಲೆ ಎಷ್ಟು? 26,000 ರೂಪಾಯಿ ವೇತನವನ್ನು 26 ದಿನ, 8 ಗಂಟೆಗೆ ಭಾಗಿಸಿದರೆ ಗಂಟೆಗೆ 125. ದುಪ್ಪಟ್ಟು ಎಂದರೆ 250. ಶಿಫ್ಟ್ ಹಸ್ತಾಂತರಕ್ಕೆಂದು ದಿನಕ್ಕೆ ಬರೀ 40 ನಿಮಿಷ ಹೆಚ್ಚು ನಿಂತರೂ ತಿಂಗಳಿಗೆ 17 ಗಂಟೆ 20 ನಿಮಿಷ, ಅದಕ್ಕೆ 4,333 ರೂಪಾಯಿ. ತಿಂಗಳಲ್ಲಿ ಎರಡು ಸಲ ರಿಲೀವರ್ ಇಲ್ಲದೆ ಡಬಲ್ ಶಿಫ್ಟ್ ಮಾಡಿದರೆ ಇನ್ನೊಂದು 4,000. ಒಟ್ಟು 8,333, ಅಂದರೆ ಸಂಬಳದ ಮೂರನೇ ಒಂದು ಪಾಲಿಗೆ ಹತ್ತಿರ. ಇದಕ್ಕೆ ಬದಲು ಸಿಗುವುದು ಕಾಂಪ್ ಆಫ್, ಅಂದರೆ ಬದಲಿ ರಜೆ. ಅದೂ ರಿಲೀವರ್ ಇದ್ದರೆ ಮಾತ್ರ ತೆಗೆದುಕೊಳ್ಳಬಹುದು. ರಿಲೀವರ್ ಇದ್ದಿದ್ದರೆ ಡಬಲ್ ಶಿಫ್ಟೇ ಬೇಕಿರಲಿಲ್ಲ!

ಬಡ್ತಿಯ ಲೆಕ್ಕ ಇನ್ನೂ ವಿಚಿತ್ರ. 17,000 ವೇತನದ ಆಪರೇಟರ್ ತಿಂಗಳಿಗೆ 24 ಗಂಟೆ ಓಟಿ ಮಾಡಿದರೆ ಗಂಟೆಗೆ 163 ರೂಪಾಯಿ 46 ಪೈಸೆಯಂತೆ 3,923 ಸೇರಿ 20,923 ಎಣಿಸುತ್ತಾರೆ. ಅವರನ್ನು 19,500ಕ್ಕೆ ಸೂಪರ್‌ವೈಸರ್ ಮಾಡಿದರೆ ಗಂಟೆಗಳು ಅಷ್ಟೇ, ಕೆಲವೊಮ್ಮೆ ಹೆಚ್ಚು. ಕೈಗೆ ಬರುವುದು ಮಾತ್ರ 1,423 ಕಡಿಮೆ. ಅನುಭವಿ ಆಪರೇಟರ್‌ಗಳು ಬಡ್ತಿ ಬೇಡ ಎನ್ನುವುದನ್ನು ನೋಡಿ ಎಚ್‌ಆರ್‌ನವರು 'ಜವಾಬ್ದಾರಿ ತೆಗೆದುಕೊಳ್ಳುವ ಮನಸ್ಸಿಲ್ಲ' ಎಂದು ಬರೆದುಕೊಳ್ಳುತ್ತಾರೆ. ಮನಸ್ಸಿನ ಮಾತು ಇರಲಿ, ಅವರಿಗೆ ಲೆಕ್ಕ ಬರುತ್ತದೆ.

ಈಗ ಸಂಹಿತೆಯೊಳಗಿನ ಗೋಜಲಿಗೆ ಬರುತ್ತೇವೆ. ಇದನ್ನು ತಮ್ಮ ಕಾನೂನು ವಿಭಾಗದವರು ದಯವಿಟ್ಟು ಪೆನ್ನು ಹಿಡಿದು ಓದಬೇಕು.

18,000 ಎನ್ನುವುದು ಗ್ರಾಸ್ (ಭತ್ಯೆಗಳೂ ಸೇರಿದ ಒಟ್ಟು) ಸಂಬಳವಲ್ಲ, ಸಂಹಿತೆ ಹೇಳುವ 'ವೇತನ'. ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ) ಅದರಲ್ಲಿ ಸೇರುತ್ತವೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಬೋನಸ್, ಪಿಎಫ್‌ಗೆ ಮಾಲೀಕರ ವಂತಿಗೆ, ಓಟಿ, ಕಮಿಷನ್ ಇಂಥವು ಹೊರಗೆ. ಹೊರಗಿಟ್ಟದ್ದು ಒಟ್ಟು ಸಂಭಾವನೆಯ ಅರ್ಧ ದಾಟಿದರೆ ದಾಟಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ಇದರ ಫಲವಾಗಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ, ಗ್ರಾಸ್ 36,000 ಇದ್ದು ಅರ್ಧ ಭತ್ಯೆಯಲ್ಲಿ ಬರುವವರು ಗೆರೆಯೊಳಗೆ ಉಳಿಯುತ್ತಾರೆ. ಗ್ರಾಸ್ 18,500 ಇದ್ದು ಎಲ್ಲವೂ ಬೇಸಿಕ್, ಡಿಎ ಆಗಿರುವವರು ಹೊರಬೀಳುತ್ತಾರೆ. ಅರ್ಧ ಸಂಬಳದವರಿಗೆ ಓಟಿ ಇಲ್ಲ, ಪೂರ್ತಿ ಸಂಬಳದವರಿಗೆ ಇದೆ. ಸಣ್ಣ ಕಾರ್ಖಾನೆಗಳಲ್ಲಿ ಭತ್ಯೆಗಳೆಂದು ಒಡೆಯದೆ ಒಂದೇ ಮೊತ್ತ ಕೊಡುವ ರೂಢಿ ಹೆಚ್ಚು. ಹೊಡೆತ ಬೀಳುವುದು ಅಲ್ಲಿಯವರಿಗೇ.

ಒಳಗೆ ಉಳಿದವರಿಗಾದರೂ ಪೂರ್ತಿ ನ್ಯಾಯ ಸಿಕ್ಕಿತೇ? ಕಾರ್ಖಾನೆ ಕಾಯ್ದೆಯಲ್ಲಿ ಓಟಿ ಲೆಕ್ಕಕ್ಕೆ ಬೇಸಿಕ್ ಜೊತೆಗೆ ನೌಕರರಿಗೆ ಸಲ್ಲುವ ಭತ್ಯೆಗಳೂ ಸೇರುತ್ತಿದ್ದವು, ಬೋನಸ್ ಮತ್ತು ಓಟಿ ಮಾತ್ರ ಹೊರಗೆ. 36,000ವನ್ನು 208 ಗಂಟೆಗೆ (26 ದಿನ, ದಿನಕ್ಕೆ 8 ಗಂಟೆ) ಭಾಗಿಸಿ ದುಪ್ಪಟ್ಟು ಮಾಡಿದರೆ ಗಂಟೆಗೆ 346 ರೂಪಾಯಿ. ಸಂಹಿತೆಯಲ್ಲಿ 18,000ದ ಮೇಲೆ ಲೆಕ್ಕ ಹಾಕಿದರೆ ದುಪ್ಪಟ್ಟು 173. ಪೂರ್ತಿ ಸಂಬಳದ ಒಂಟಿ ದರವೂ 173 ರೂಪಾಯಿಯೇ. 'ದುಪ್ಪಟ್ಟು' ಎಂಬ ಪದ ಕಾಯ್ದೆಯಲ್ಲಿ ಉಳಿಯಿತು, ಹಣ ಅರ್ಧವಾಯಿತು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಅರ್ಧದ ಲೆಕ್ಕಕ್ಕೆ ಹಿಡಿಯಬೇಕಾದ ಹೊರಗಿನ ಬಾಬ್ತುಗಳಲ್ಲಿ ಓಟಿ ಭತ್ಯೆಯೂ ಒಂದು. ಬೇಸಿಕ್ ಮತ್ತು ಡಿಎ 17,500, ಬಾಡಿಗೆ ಭತ್ಯೆ 10,000, ಪ್ರಯಾಣ ಭತ್ಯೆ 6,000 ಇರುವ ಸೂಪರ್‌ವೈಸರ್ ಇದ್ದಾರೆ ಎನ್ನಿ. ಒಟ್ಟು 33,500, ಹೊರಗಿನದು 16,000, ಅರ್ಧಕ್ಕಿಂತ ಕಡಿಮೆ. ವೇತನ 17,500, ಓಟಿಗೆ ಅರ್ಹರು. ಅವರು 24 ಗಂಟೆ ಓಟಿ ಮಾಡಿದರು, 4,038 ರೂಪಾಯಿ ಬಂತು. ಈಗ ಒಟ್ಟು 37,538, ಹೊರಗಿನದು 20,038. ಅರ್ಧವಾದ 18,769ನ್ನು ದಾಟಿದ 1,269 ವೇತನಕ್ಕೆ ಸೇರಿತು, ವೇತನ 18,769 ಆಯಿತು. ಅಕ್ಷರಶಃ ಓದಿದರೆ ಓಟಿ ಪಡೆದ ಕಾರಣಕ್ಕೇ ಅವರು ಆ ತಿಂಗಳು ಓಟಿಯ ಅರ್ಹತೆ ಕಳೆದುಕೊಂಡರು. ಶಾಸನ ಬರೆದವರ ಉದ್ದೇಶ ಇದಾಗಿರಲಿಕ್ಕಿಲ್ಲ. ಆದರೆ ಸಾಫ್ಟ್‌ವೇರ್‌ಗೆ ಉದ್ದೇಶ ತಿಳಿಯುವುದಿಲ್ಲ.

ಸಂಹಿತೆಗಳ ನಡುವೆಯೂ ಹೊಂದಾಣಿಕೆ ಇಲ್ಲ. 2019ರ ವೇತನ ಸಂಹಿತೆಯಲ್ಲಿ 'ಕಾರ್ಮಿಕ' ವ್ಯಾಖ್ಯೆಗೆ ಮಿತಿ 15,000, ಔದ್ಯೋಗಿಕ ಸುರಕ್ಷತೆ ಮತ್ತು ಕೈಗಾರಿಕಾ ಸಂಬಂಧ ಸಂಹಿತೆಗಳಲ್ಲಿ 18,000. ಅದೇ ವೇತನ ಸಂಹಿತೆಯ ಕಲಂ 14 ಕನಿಷ್ಠ ವೇತನ ನಿಗದಿಯಾದ 'ನೌಕರ'ರಿಗೆ ದುಪ್ಪಟ್ಟಿಗೆ ಕಡಿಮೆಯಿಲ್ಲದ ಓಟಿ ಕೊಡಬೇಕು ಎನ್ನುತ್ತದೆ. ಅಲ್ಲಿನ 'ನೌಕರ' ವ್ಯಾಖ್ಯೆಯಲ್ಲಿ ಮೇಲ್ವಿಚಾರಕರೂ ಸೇರಿದ್ದಾರೆ, ವೇತನ ಮಿತಿಯೂ ಇಲ್ಲ. ಒಂದು ಸಂಹಿತೆ ಕೊಡು ಎನ್ನುತ್ತದೆ, ಇನ್ನೊಂದು ಬೇಡ ಎನ್ನುವಂತಿದೆ. ಕಂಪನಿಗಳ ಸಲಹೆಗಾರರು ಯಾವುದನ್ನು ಓದಿ ಹೇಳುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಣದ ಮಾತು ಇಷ್ಟು. ಗಂಟೆಗಳ ಮಾತು ಇದಕ್ಕಿಂತ ದೊಡ್ಡದು. ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದು, ಓಟಿಗೆ ಒಪ್ಪಿಗೆ ಪಡೆಯಬೇಕು, ವರ್ಷಕ್ಕೆ ಇಷ್ಟು ಸಂಬಳ ಸಹಿತ ರಜೆ ಕೊಡಬೇಕು ಎಂದು ಹೊಸ ಸಂಹಿತೆ ಹೇಳುವುದು ಕಾರ್ಮಿಕರಿಗೆ. 18,001 ರೂಪಾಯಿ ವೇತನದ ಸೂಪರ್‌ವೈಸರ್ ಈ ಪಟ್ಟಿಯಿಂದಲೇ ಆಚೆ. ಕರ್ನಾಟಕದಲ್ಲಿ ಹಳೆಯ ಕಾರ್ಖಾನೆ ಕಾಯ್ದೆಗೆ ತಂದ 2023ರ ತಿದ್ದುಪಡಿ ಕಾರ್ಖಾನೆಗಳ ದಿನದ ಮಿತಿಯನ್ನು 12 ಗಂಟೆಯವರೆಗೆ ಚಾಚಲು ದಾರಿ ಮಾಡಿತ್ತು. ಹನ್ನೆರಡು ಗಂಟೆಯ ಶಿಫ್ಟ್‌ನಲ್ಲಿ ಕಾರ್ಮಿಕರಿಗೆ ವಾರದ 48 ಗಂಟೆಯ ಬೇಲಿ ಇರುತ್ತದೆ. ಅವರ ಮುಂದೆ ನಿಂತ ಸೂಪರ್‌ವೈಸರ್‌ಗೆ ಆ ಬೇಲಿಯೂ ಇಲ್ಲ. ಪ್ರೆಸ್ ಮೇಲೆ ಡೈ ಕೂರಿಸಿದ್ದನ್ನು ಪರೀಕ್ಷಿಸುವವರು, ಕ್ರೇನ್ ಎತ್ತಲು ಕೈಸನ್ನೆ ಕೊಡುವವರು ಇವರೇ. ಹದಿನಾಲ್ಕನೇ ಗಂಟೆಯಲ್ಲಿ ಇವರ ಕಣ್ಣು ತಪ್ಪಿದರೆ ಕೈ ಹೋಗುವುದು ಬೇರೆಯವರದು. ಸುರಕ್ಷತೆಯ ಹೆಸರಿಟ್ಟುಕೊಂಡ ಸಂಹಿತೆಯಲ್ಲಿ ಇದು ಇರಬಾರದಿತ್ತು.

'ಮ್ಯಾನೇಜರ್' ಎಂಬ ಹೆಸರಿಗಂತೂ ವೇತನ ಮಿತಿಯೇ ಇಲ್ಲ. ಆಡಳಿತ ಹುದ್ದೆ ಎಂದರೆ ಸಾಕು, ವೇತನ ಎಷ್ಟೇ ಇರಲಿ, ಹೊರಗೆ. ಹಳೆಯ ಕಲಂ 64ರ ಪರಂತುಕ ಆಡಳಿತ ಹುದ್ದೆಯವರನ್ನೂ ಮಿತಿಯೊಳಗೆ ಕಾಯುತ್ತಿತ್ತು. ಈಗ ಅಸಿಸ್ಟೆಂಟ್ ಮ್ಯಾನೇಜರ್, ಡೆಪ್ಯುಟಿ ಮ್ಯಾನೇಜರ್ ಎಂಬ ಬಿಲ್ಲೆಗಳು ಅಗ್ಗವಾಗಲಿವೆ. ಹುದ್ದೆಯ ಹೆಸರು ಮುಖ್ಯವಲ್ಲ, ಮಾಡುವ ಪ್ರಧಾನ ಕೆಲಸ ಮುಖ್ಯ ಎಂದು ಸುಪ್ರೀಂ ಕೋರ್ಟ್ 1985ರ ಅರ್ಕಾಲ್ ಗೋವಿಂದರಾಜ ರಾವ್ ಪ್ರಕರಣದಲ್ಲೂ 1994ರ ಎಸ್.ಕೆ. ಮೈನಿ ಪ್ರಕರಣದಲ್ಲೂ ಸ್ಪಷ್ಟವಾಗಿ ಹೇಳಿದೆ. ಆದರೆ ಆ ತೀರ್ಪಿನ ಫಲ ಸಿಗಬೇಕಾದರೆ ನೌಕರರು ವರ್ಷಗಟ್ಟಲೆ ಕೋರ್ಟು ಅಲೆಯಬೇಕು. ಕೆಲಸದಲ್ಲಿ ಇದ್ದುಕೊಂಡೇ ಹಾಗೆ ಅಲೆಯುವವರು ಅಪರೂಪ.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂಬುದಕ್ಕೆ ಅಮೆರಿಕದ ಉದಾಹರಣೆ ನೋಡಬಹುದು. ಅಲ್ಲಿ ಸಾಮಾನ್ಯವಾಗಿ ಓಟಿ ತಪ್ಪಿಸಬೇಕಾದರೆ ಸಂಬಳ ಮಿತಿಯನ್ನೂ ದಾಟಬೇಕು, ಕೆಲಸವೂ ನಿಜವಾದ ಆಡಳಿತದ್ದಾಗಿರಬೇಕು. ಮ್ಯಾನೇಜರ್ ಎಂದು ಬರೆದರೆ ಸಾಲದು. ಅವರ ಕೇಂದ್ರದ ಮಿತಿಯೇನೂ ಮಾದರಿಯಲ್ಲ: 2020ರ ಜನವರಿಯಿಂದ ವಾರಕ್ಕೆ 684 ಡಾಲರ್ ಇದ್ದದ್ದನ್ನು 2024ರ ಜುಲೈನಲ್ಲಿ 844ಕ್ಕೆ ಏರಿಸಿದರು, ಅದೇ ನವೆಂಬರ್ 15ರಂದು ಟೆಕ್ಸಾಸ್‌ನ ಫೆಡರಲ್ ಕೋರ್ಟ್ ಆ ನಿಯಮವನ್ನು ರದ್ದುಮಾಡಿತು, ಮತ್ತೆ 684. ನಮಗೆ ಪಾಠ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಮಿತಿಯನ್ನು ರಾಜ್ಯದ ಕನಿಷ್ಠ ವೇತನದ ಎರಡು ಪಟ್ಟು ಎಂದು ಕಾನೂನೇ ಕಟ್ಟಿಹಾಕಿದೆ. ಕನಿಷ್ಠ ವೇತನ ಏರಿದಾಗ ಮಿತಿಯೂ ಏರುತ್ತದೆ: 2025ರಲ್ಲಿ ವರ್ಷಕ್ಕೆ 68,640 ಡಾಲರ್. ಸಚಿವರ ಬಳಿ ಕಡತ ಹೋಗುವ ಪ್ರಮೇಯವೇ ಇಲ್ಲ.

ನಮ್ಮ ಮೊದಲ ಕೋರಿಕೆ ಅಲ್ಲಿಂದಲೇ ಹುಟ್ಟಿದ್ದು. ಕೇಂದ್ರ ಸಚಿವರೇ, '18,000 ಅಥವಾ ಕೇಂದ್ರ ಸರ್ಕಾರ ಕಾಲಕಾಲಕ್ಕೆ ಅಧಿಸೂಚಿಸುವ ಮೊತ್ತ' ಎಂದು ಸಂಹಿತೆಯೇ ಹೇಳುತ್ತದೆ. ಸಂಸತ್ತಿಗೆ ಹೋಗಬೇಕಿಲ್ಲ, ತಮ್ಮ ಒಂದು ಅಧಿಸೂಚನೆ ಸಾಕು. ಕೇಂದ್ರ ವಲಯದ 'ಎ' ಪ್ರದೇಶದ ಕುಶಲರಹಿತ ಕನಿಷ್ಠ ವೇತನದ ಎರಡು ಪಟ್ಟಿಗೆ ಮಿತಿಯನ್ನು ಕಟ್ಟಿ. 2024ರ ಅಕ್ಟೋಬರ್ ದರದಲ್ಲಿ ಅದು 40,716 ಆಗುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ತುಟ್ಟಿಭತ್ಯೆ ಪರಿಷ್ಕರಣೆ ಹೇಗೂ ನಡೆಯುತ್ತದೆ, ಅದರ ಜೊತೆಗೇ ಇದೂ ಬದಲಾಗಲಿ. ಅಷ್ಟು ಒಮ್ಮೆಗೇ ಆಗದು ಎಂದಾದರೆ, ಹಿಂದೆ ಇದ್ದ 24,000ಕ್ಕಿಂತ ಕೆಳಗೆ ಇಳಿಯದಂತೆ ತಕ್ಷಣ ಅಧಿಸೂಚಿಸಿ, ಉಳಿದ ಏರಿಕೆಗೆ ದಿನಾಂಕ ಬರೆದುಕೊಡಿ. 'ಕಾಲಕಾಲಕ್ಕೆ' ಎಂದರೆ ಏನಾಗುತ್ತದೆ ಎಂದು ನೋಡಿದ್ದೇವೆ: ವೇತನ ಪಾವತಿ ಕಾಯ್ದೆಯಲ್ಲಿ ಐದು ವರ್ಷಕ್ಕೊಮ್ಮೆ ಎಂಬ ಮಾತಿದ್ದೂ 2017ರ ನಂತರ ಮಿತಿ ಕದಲಲಿಲ್ಲ. ಪಿಎಫ್‌ನ ವೇತನ ಮಿತಿಯೂ 2014ರಲ್ಲಿ 15,000 ಆದದ್ದು ವರ್ಷಗಟ್ಟಲೆ ಅಲ್ಲೇ ನಿಂತಿತು.

ಜೊತೆಗೆ, ಮಿತಿಯನ್ನು ಲೆಕ್ಕ ಹಾಕುವಾಗ ಓಟಿ ಹಣವನ್ನು ಪೂರ್ತಿ ಬದಿಗಿಡಬೇಕೆಂದು ಸ್ಪಷ್ಟೀಕರಣ ಕೊಡಿ. ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮೆಯಲ್ಲಿ) ಇದಕ್ಕೆ ಒಳ್ಳೆಯ ಮಾದರಿ ಈಗಾಗಲೇ ಇದೆ: 21,000ದ ಮಿತಿ ನೋಡುವಾಗ ಓಟಿಯನ್ನು ಎಣಿಸುವುದಿಲ್ಲ. ವಂತಿಗೆ ಅವಧಿಯ ನಡುವೆ ವೇತನ ಏರಿದರೂ ಆ ಅವಧಿ ಮುಗಿಯುವವರೆಗೆ ರಕ್ಷಣೆ ಮುಂದುವರಿಯುತ್ತದೆ. ಓಟಿಗೂ ಹಾಗೇ ಮಾಡಿದರೆ ಪ್ರತಿ ತಿಂಗಳೂ ಒಳಗೆ ಹೊರಗೆ ಮಾಡುವ ಆಟ ನಿಲ್ಲುತ್ತದೆ. ವೇತನ ಸಂಹಿತೆಯ 15,000ವನ್ನೂ ಇದಕ್ಕೆ ಸರಿಹೊಂದಿಸಿ, ಕಲಂ 14ರ ಓಟಿ ಮೇಲ್ವಿಚಾರಕರಿಗೂ ಸಲ್ಲುತ್ತದೆ ಎಂದು ಒಂದು ಸಾಲು ಬರೆಯಿರಿ.

ರಾಜ್ಯ ಸಚಿವರಲ್ಲಿ ನಮ್ಮ ಕೋರಿಕೆ ಬೇರೆ. ಮಿತಿ ಏರಿಸುವುದು ತಮ್ಮ ಕೈಯಲ್ಲಿಲ್ಲ, ಸರಿ. ರಾಜ್ಯದ ನಿಯಮಗಳು, ತಪಾಸಣೆ ಎರಡೂ ತಮ್ಮವು. ಪ್ರತಿ ನೌಕರರಿಗೂ ನೇಮಕಾತಿ ಪತ್ರ ಕಡ್ಡಾಯ ಎಂದು ಸಂಹಿತೆ ಹೇಳಿದೆ. ಆ ಪತ್ರದ ನಮೂನೆಯಲ್ಲಿ ಓಟಿಗೆ ಅರ್ಹರೇ, ಇಲ್ಲದಿದ್ದರೆ ಯಾವ ಕಾರಣಕ್ಕೆ, ದಿನದ ಮುಖ್ಯ ಕೆಲಸ ಯಾವುದು ಎಂಬ ಮೂರು ಸಾಲು ಸೇರಿಸಿ. ಬಡ್ತಿ ಪತ್ರಕ್ಕೂ ಇದೇ ಅನ್ವಯಿಸಲಿ. ಓಟಿಯಿಂದ ಹೊರಗಿಟ್ಟವರ ಒಳಬಂದ, ಹೊರಹೋದ ಹೊತ್ತನ್ನೂ ಹಾಜರಿ ರಿಜಿಸ್ಟರ್‌ನಲ್ಲಿ ಇಡುವುದು ಕಡ್ಡಾಯವಾಗಲಿ. ಮೆಷಿನ್‌ನಲ್ಲಿ ಅದು ಈಗಲೂ ಇದೆ, ತಪಾಸಣೆಗೆ ಬಂದಾಗ ಕೊಡುವ ಪ್ರತಿಯಲ್ಲಿ ಮಾತ್ರ ಇರುವುದಿಲ್ಲ.

ತಪಾಸಣೆಗೆ ಬರುವ ಅಧಿಕಾರಿಗಳಿಗೆ ಒಂದು ಸಣ್ಣ ಪಟ್ಟಿ ಕೊಡಿ. ಸೂಪರ್‌ವೈಸರ್ ಎನ್ನುವವರ ಕೈಕೆಳಗೆ ಹೆಸರು ಹೇಳಬಹುದಾದ ಜನ ಇದ್ದಾರೆಯೇ? ಅವರ ರಜೆ ಮಂಜೂರಿಗೆ ಇವರ ಸಹಿಯೇ ಅಂತಿಮವೇ? ಶಿಸ್ತುಕ್ರಮದ ನೋಟಿಸ್ ಇವರ ಹೆಸರಲ್ಲಿ ಹೋಗಿದೆಯೇ? ದಿನದ ಎಷ್ಟು ಹೊತ್ತು ಸ್ವತಃ ಮೆಷಿನ್ ಮೇಲೆ, ರಿಜಿಸ್ಟರ್ ಮೇಲೆ ಇರುತ್ತಾರೆ? ಲೀವ್ ಫೈಲ್ ಮತ್ತು ಪ್ರೊಡಕ್ಷನ್ ಷೀಟ್ ತರಿಸಿ ನೋಡಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. 'ಲೈನ್ ಲೀಡರ್', 'ಟೀಮ್ ಲೀಡರ್', 'ಸೀನಿಯರ್ ಅಸೋಸಿಯೇಟ್' ಎಂಬ ಹೊಸ ಹೆಸರುಗಳ ಹಿಂದೆ ಇರುವುದು ಬಹುಮಟ್ಟಿಗೆ ಹಳೆಯ ಚಾರ್ಜ್‌ಹ್ಯಾಂಡ್ (ತಂಡದ ಹಿರಿಯ ಕೆಲಸಗಾರ) ಕೆಲಸವೇ.

ಸಣ್ಣ ಕೈಗಾರಿಕೆಗಳಿಗೆ ಇದು ಹೊರೆ ಎಂಬ ಆಕ್ಷೇಪ ಬರುತ್ತದೆ. ಎಂಟು ಗಂಟೆ ದುಡಿಸಿ ಮನೆಗೆ ಕಳಿಸುವ ಮಾಲೀಕರಿಗೆ ಒಂದು ಪೈಸೆಯ ಹೊರೆಯೂ ಇಲ್ಲ. ಎರಡು ಶಿಫ್ಟ್‌ಗಳ ನಡುವೆ ಎರಡೂ ಕಡೆಯವರು ಜೊತೆಗಿರುವ 15 ನಿಮಿಷದ ಸಮಯವನ್ನು ಶಿಫ್ಟ್ ಒಳಗೇ ಸೇರಿಸಿದರೆ, ಮೂರು ಲೈನಿಗೆ ಒಬ್ಬ ರಿಲೀವರ್ ಇಟ್ಟರೆ ಹೆಚ್ಚಿನ ಓಟಿ ಅಲ್ಲಿಗೇ ನಿಲ್ಲುತ್ತದೆ. ಸೂಪರ್‌ವೈಸರ್‌ಗಳು ತಮಗೆ ತಾವೇ ಓಟಿ ಬರೆದುಕೊಳ್ಳುತ್ತಾರೆ ಎಂಬ ಇನ್ನೊಂದು ಮಾತಿದೆ. ಪ್ಲಾಂಟ್ ಹೆಡ್ ಮುಂಚಿತವಾಗಿ ಸಹಿ ಹಾಕದ ಓಟಿ ಇರಕೂಡದು ಎಂದು ನಿಯಮ ಮಾಡಿ, ಪಂಚಿಂಗ್ ವರದಿಗೆ ತಾಳೆ ನೋಡಿದರೆ ಮುಗಿಯಿತು. ಆಪರೇಟರ್‌ಗಳ ಓಟಿಗೆ ಈಗ ಮಾಡುತ್ತಿರುವುದೂ ಅದನ್ನೇ.

ಅಧಿಸೂಚನೆಯ ಕರಡು ಹೊರಟಾಗ ಆಕ್ಷೇಪಣೆಗೆ ಕೊಡುವ ಅವಧಿಯಲ್ಲಿ ಅದು ಕನ್ನಡದಲ್ಲೂ ಸಿಗುವಂತೆ ರಾಜ್ಯ ಇಲಾಖೆ ನೋಡಿಕೊಳ್ಳಬೇಕು. ಪೀಣ್ಯ, ಬೊಮ್ಮಸಂದ್ರ, ಬಿಡದಿ, ನರಸಾಪುರ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಗಳ ನೋಟಿಸ್ ಬೋರ್ಡಿಗೆ ಅದರ ಪ್ರತಿ ಅಂಟಲಿ. ಲೆಕ್ಕದ ಮಾದರಿಗಳು, ಮೇಲೆ ಹೇಳಿದ ಉದಾಹರಣೆಗಳ ವಿವರವಾದ ಪಟ್ಟಿಗಳೊಂದಿಗೆ ತಮ್ಮ ಅಧಿಕಾರಿಗಳ ಮುಂದೆ ಹಾಜರಾಗಲು ನಾವು ಸಿದ್ಧ. ಮುಂದಿನ ತುಟ್ಟಿಭತ್ಯೆ ಪರಿಷ್ಕರಣೆಯ ಆದೇಶ ಹೊರಡುವ ಮೊದಲು ಈ ಮಿತಿಯ ಬಗ್ಗೆ ತಮ್ಮ ನಿಲುವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕರ್ನಾಟಕದ ಕಾರ್ಖಾನೆಗಳ ಲೈನ್ ಸೂಪರ್‌ವೈಸರ್‌ಗಳು, ಶಿಫ್ಟ್ ಇನ್‌ಚಾರ್ಜ್‌ಗಳು ಹಾಗೂ ಹಾಜರಿ, ವೇತನ ವಿಭಾಗದ ನೌಕರರು

ಪ್ರತಿ: ಆಯುಕ್ತರು, ಕಾರ್ಮಿಕ ಇಲಾಖೆ, ಕಾರ್ಮಿಕ ಭವನ, ಬೆಂಗಳೂರು, ನಿರ್ದೇಶಕರು, ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ, ಬೆಂಗಳೂರು.